ಲೆ ಪ್ಯೂಯಿಯ ಬಾಗಿಲು, ಕಾರ್ಕಸೋನಿನ ರಾಣಿ

ಫ್ರಾನ್ಸ್ ಎಂದೊಡನೆ ನಮ್ಮವರ ಬಾಯಿಗೆ ಬರುವುದು ಪ್ಯಾರಿಸ್, ಐಫೆಲ್ ಗೋಪುರ, ಅತ್ತರು. ಮುಸ್ಲಿಮರ ಮನೆಗಳಲ್ಲಾದರೆ ಇನ್ನೊಂದು ಮಾತೂ ಸೇರುತ್ತದೆ: ತಲೆವಸ್ತ್ರವನ್ನು ಸಹಿಸದ ದೇಶ. 2004ರ ಕಾನೂನು ಅಲ್ಲಿನ ಸರಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿತು. 2023ರಲ್ಲಿ ಅಬಾಯಾಕ್ಕೂ ಅದೇ ಗತಿಯಾಯಿತು. ಲಿಯೋನ್ ನಗರದಲ್ಲಿ ನೆಲೆಸಿರುವ ತಮ್ಮ ಬೇಸಿಗೆ ರಜೆಗೆ ಕರೆದಾಗ ನಮ್ಮ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿಯ ದುಪಟ್ಟಾ ಏನಾಗ್ತದೆ?" ಬೀದಿಯಲ್ಲಿ, ಹೋಟೆಲಿನಲ್ಲಿ ತಲೆ ಮುಚ್ಚಿಕೊಳ್ಳಲು ಅಡ್ಡಿಯಿಲ್ಲ, ಮುಖ ಮುಚ್ಚುವಂತಿಲ್ಲ ಅಷ್ಟೆ ಎಂದು ತಮ್ಮ ಫೋನಿನಲ್ಲಿ ವಿವರಿಸಿದ ಮೇಲೆಯೇ ಅವರಿಗೆ ಸಮಾಧಾನ.

ತಮ್ಮನ ಕಾರಿನಲ್ಲಿ ಐದು ಜನ ಹೊರಟೆವು. ಮುಂದೆ ತಮ್ಮ ಮತ್ತು ನಮ್ಮ ಮನೆಯವರು, ಹಿಂದೆ ನಾವು ಮತ್ತು ಇಬ್ಬರು ಹುಡುಗಿಯರು. ನಮ್ಮ ಮಗಳು 2022ರಲ್ಲಿ ಊರಿನ ಕಾಲೇಜೊಂದರ ಗೇಟಿನಲ್ಲಿ ತನ್ನ ದೊಡ್ಡಮ್ಮನ ಮಕ್ಕಳನ್ನು ತಡೆದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವಳು. ತಮ್ಮನ ಮಗಳು ಲಿಯೋನಿನಲ್ಲೇ ಹುಟ್ಟಿದವಳು. ಅವಳ ಉರ್ದು ಅರ್ಧ, ಫ್ರೆಂಚ್ ಪೂರ್ತಿ. "ಫುಪ್ಪು, ಎಲ್ಲಿಯವಳು ಅಂತ ಕೇಳ್ತಾರೆ. ಲಿಯೋನ್ ಅಂದರೆ, ಅದು ಸರಿ, ಅದಕ್ಕೂ ಮುಂಚೆ ಅಂತಾರೆ" ಎಂದು ಅವಳು ನಗುತ್ತ ಹೇಳಿದಳು. ಆ ನಗು ನಮಗೆ ಪರಿಚಿತವಾಗಿತ್ತು.

ಲಿಯೋನಿನಿಂದ ಸುಮಾರು 135 ಕಿಲೋಮೀಟರ್ ದೂರದಲ್ಲಿದೆ ಲೆ ಪ್ಯೂಯಿ. ಹಳೆಯ ಜ್ವಾಲಾಮುಖಿಗಳ ನಾಡು ಅದು. ಊರ ನಡುವೆ ಸೂಜಿಯಂತೆ ಎದ್ದ ಬಂಡೆಯ ತುದಿಯಲ್ಲಿ ಹತ್ತನೆಯ ಶತಮಾನದ ಪ್ರಾರ್ಥನಾ ಮಂದಿರ; ಹತ್ತಲು 268 ಮೆಟ್ಟಿಲು. ಊರಿನ ಹಸಿರು ಮಸೂರಿ ಬೇಳೆ ದೇಶಕ್ಕೇ ಪ್ರಸಿದ್ಧ, 1996ರಲ್ಲಿ ಅದಕ್ಕೆ ಮೂಲಸ್ಥಾನದ ಸರಕಾರಿ ಮುದ್ರೆ ಸಿಕ್ಕಿದೆ. ಆದರೆ ಅಲ್ಲಿಯವರು ಅದನ್ನು ಉಪ್ಪು ಹಾಕಿದ ಹಂದಿಮಾಂಸದೊಡನೆ ಬೇಯಿಸುತ್ತಾರೆ. ತಮ್ಮನ ಮಗಳು ಹೋಟೆಲಿನಾಕೆಗೆ ಬಿಡಿಸಿ ಹೇಳಿ, ಬರೀ ಬೇಳೆ, ಈರುಳ್ಳಿ, ಗಜ್ಜರಿ ತರಿಸಿದಳು. ನಮ್ಮ ಮನೆಯವರು ಒಗ್ಗರಣೆ ಇಲ್ಲದ ದಾಲ್ ಎಂದು ಗೊಣಗಿಕೊಂಡೇ ಎರಡು ತಟ್ಟೆ ತಿಂದರು.

ಊರಿನ ಕೆಥೆಡ್ರಲ್ ನೋಡಲು ಕಡಿದಾದ ಬೀದಿ ಏರಬೇಕು. ಕಪ್ಪು-ಬಿಳಿ ಕಲ್ಲುಗಳನ್ನು ಒಂದರ ಪಕ್ಕ ಒಂದಿಟ್ಟು ಕಟ್ಟಿದ ಅದರ ಕಮಾನುಗಳು ಕುರ್ತುಬಾದ ಮಸೀದಿಯನ್ನು ನೆನಪಿಸುತ್ತವೆ. ಈಜಿಪ್ಟಿನ ವಿದ್ವಾಂಸ ಅಹ್ಮದ್ ಫಿಕ್ರಿ ಈ ಊರಿನ ಕಲೆಯ ಮೇಲಾದ ಇಸ್ಲಾಮೀ ಪ್ರಭಾವದ ಬಗ್ಗೆ 1934ರಲ್ಲೇ ಫ್ರೆಂಚಿನಲ್ಲಿ ಪುಸ್ತಕ ಬರೆದಿದ್ದಾರೆ. ಮುಖಮಂಟಪದ ಎರಡು ಪಕ್ಕಗಳಲ್ಲಿ ಹನ್ನೆರಡನೆಯ ಶತಮಾನದ ಮರದ ಬಾಗಿಲುಗಳಿವೆ. ಅವುಗಳ ಮೇಲೆ ಈಸಾ ಪೈಗಂಬರರ ಬದುಕಿನ ದೃಶ್ಯಗಳ ಕೆತ್ತನೆ. ಗೌಜ್‌ಫ್ರೆಡಸ್ ಎಂಬ ಕೆಲಸಗಾರ ಲ್ಯಾಟಿನ್ನಿನಲ್ಲಿ ತನ್ನ ಹೆಸರನ್ನೂ ಕೊರೆದಿದ್ದಾನೆ. ಅಂಚಿನ ಪಟ್ಟಿಯಲ್ಲಿ ಇರುವುದು ಮಾತ್ರ ಕೂಫೀ ಅಕ್ಷರಗಳು!

ನಮ್ಮ ಮಗಳು ಮದ್ರಸದಲ್ಲಿ ಕಲಿತ ಕಣ್ಣಿನಿಂದ ಅಲಿಫ್, ಲಾಮ್ ಎಂದು ಹುಡುಕತೊಡಗಿದಳು. ಅಕ್ಷರಗಳು ಅರ್ಧ ಬಳ್ಳಿಯಾಗಿವೆ, ಸುಲಭಕ್ಕೆ ದಕ್ಕುವುದಿಲ್ಲ. ಕೆಲವು ವಿದ್ವಾಂಸರು ಅದನ್ನು 'ಮಾಶಾಅಲ್ಲಾಹ್' ಎಂದು ಓದಿದ್ದಾರೆ. ತಮ್ಮನ ಮಗಳಿಗೆ ಅರಬಿ ಬಾರದು, ನಮ್ಮ ಮಗಳಿಗೆ ಫ್ರೆಂಚ್ ಬಾರದು. ಒಬ್ಬಳು ಬೆರಳಿನಿಂದ ಗಾಳಿಯಲ್ಲಿ ಅಕ್ಷರ ತಿದ್ದಿದಳು, ಇನ್ನೊಬ್ಬಳು ಅದನ್ನು ನೋಡಿಕೊಂಡು ಬಾಗಿಲಿನಲ್ಲಿ ಹುಡುಕಿದಳು.

ಇದೇ ಊರಿನ ಬಿಷಪ್ ಅಧೆಮಾರ್ 1096ರಲ್ಲಿ ಪೋಪರ ಪ್ರತಿನಿಧಿಯಾಗಿ ಮೊದಲ ಕ್ರುಸೇಡಿನೊಂದಿಗೆ ಹೊರಟವರು, 1098ರಲ್ಲಿ ಅಂತಾಕಿಯಾದಲ್ಲಿ ತೀರಿಕೊಂಡವರು. ಮುಸ್ಲಿಮರ ಮೇಲೆ ದಂಡು ಹೋದ ಊರಿನಲ್ಲಿ, ಮರುಶತಮಾನವೇ ಅವರ ಲಿಪಿ ಚರ್ಚಿನ ಬಾಗಿಲಿಗೆ ಶೋಭೆಯಾಯಿತು. ಅಂದಲೂಸಿನ ರೇಷ್ಮೆ, ದಂತದ ಕರಡಿಗೆಗಳು ಆಗ ಯುರೋಪಿನ ಚರ್ಚುಗಳ ಭಂಡಾರ ಸೇರುತ್ತಿದ್ದವು. ಗೌಜ್‌ಫ್ರೆಡಸನ ಕಣ್ಣಿಗೆ ಅಂಥದ್ದೇ ಯಾವುದೋ ಬಟ್ಟೆಯ ಅಂಚು ಬಿದ್ದಿರಬೇಕು. ಚೆಂದ ಕಂಡಿತು, ಕೆತ್ತಿದ. ಅದರ ಅರ್ಥ ಅವನಿಗೆ ಗೊತ್ತಿತ್ತೋ ಇಲ್ಲವೋ, ಕೈ ಮಾತ್ರ ತಡೆಯಲಿಲ್ಲ.

ಅಲ್ಲಿಂದ ಮಾಂದ್, ಮಿಯೋ ದಾಟಿ ದಕ್ಷಿಣಕ್ಕಿಳಿದೆವು. ಮಾರನೆಯ ದಿನ ಕಾರ್ಕಸೋನ್. ಎರಡು ಸುತ್ತಿನ ಕೋಟೆ, 52 ಬುರುಜುಗಳು. ಪಾಳುಬಿದ್ದಿದ್ದ ಈ ಕೋಟೆಯನ್ನು ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ 1853ರಿಂದ ದುರಸ್ತಿ ಮಾಡಿಸಿದರು. ಹೆಬ್ಬಾಗಿಲಲ್ಲಿ ಒಬ್ಬ ಹೆಂಗಸಿನ ಕಲ್ಲಿನ ಮುಖ. ಅವಳೇ ಕಾರ್ಕಾಸ್, ಊರನ್ನು ಆಳಿದ ಮುಸ್ಲಿಂ ರಾಜನ ವಿಧವೆ. ಶಾರ್ಲಮೇನ್ ಚಕ್ರವರ್ತಿ ಐದು ವರ್ಷ ಮುತ್ತಿಗೆ ಹಾಕಿದನಂತೆ. ಒಳಗೆ ಉಳಿದದ್ದು ಒಂದು ಹಂದಿ, ಒಂದಿಷ್ಟು ಗೋಧಿ. ಅವಳು ಗೋಧಿಯನ್ನೆಲ್ಲ ಹಂದಿಗೆ ತಿನ್ನಿಸಿ ಬುರುಜಿನಿಂದ ಕೆಳಕ್ಕೆಸೆದಳು. ಹಂದಿ ಒಡೆದು ಗೋಧಿ ಚೆಲ್ಲಿತು. ಹಂದಿಗೇ ಇಷ್ಟು ಗೋಧಿಯಾದರೆ ಜನರಿಗೆಷ್ಟಿರಬೇಕು ಎಂದು ಚಕ್ರವರ್ತಿ ದಂಡು ತೆಗೆದ. ಅವಳು ಗಂಟೆಗಳನ್ನು ಬಾರಿಸಿದಳು. "ಕಾರ್ಕಾಸ್ ಬಾರಿಸುತ್ತಿದ್ದಾಳೆ" ಎಂಬ ಮಾತೇ ಊರ ಹೆಸರಾಯಿತು.

"ಮುಸ್ಲಿಂ ರಾಣಿಯ ಮನೆಯಲ್ಲಿ ಹಂದಿ ಹೇಗೆ ಬಂತು?" ಎಂದು ನಮ್ಮ ಮಗಳ ತಕರಾರು. "ಅದಕ್ಕೇ ಅಲ್ಲವಾ ಕೊನೆಯವರೆಗೆ ಉಳಿದದ್ದು!" ಎಂದ ತಮ್ಮ.

ಕಥೆ ಇತಿಹಾಸವಲ್ಲ. ಪಕ್ಕದ ನಾರ್ಬೊನ್ ಪಟ್ಟಣ ಸುಮಾರು ನಲವತ್ತು ವರ್ಷ ಮುಸ್ಲಿಂ ಆಡಳಿತದಲ್ಲಿದ್ದದ್ದು ನಿಜ. ಅದು 759ರಲ್ಲೇ ಫ್ರಾಂಕರ ಕೈಸೇರಿತು, ಶಾರ್ಲಮೇನ್ ಪಟ್ಟವೇರಿದ್ದು 768ರಲ್ಲಿ. ಆದರೂ ಊರಿನವರು ತಮ್ಮನ್ನು ಕಾಪಾಡಿದವಳೆಂದು ಶತ್ರು ಮತದ ಹೆಂಗಸನ್ನೇ ಬಾಗಿಲಲ್ಲಿ ನಿಲ್ಲಿಸಿಕೊಂಡರಲ್ಲ, ಅದು ಸಣ್ಣ ಮಾತಲ್ಲ.

ಮರಳುವ ದಾರಿಯಲ್ಲಿ ನೀಮ್ ಪಟ್ಟಣ. ರೋಮನ್ನರ ರಂಗಮಂಟಪಕ್ಕೆ ಹೆಸರಾದ ಊರು. ಇಲ್ಲಿ 2006-07ರ ಉತ್ಖನನದಲ್ಲಿ ಸಿಕ್ಕ ಮೂರು ಗೋರಿಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಏಳರಿಂದ ಒಂಬತ್ತನೆಯ ಶತಮಾನದ ನಡುವಿನವು. ದೇಹಗಳನ್ನು ಬಲಮಗ್ಗುಲಿಗೆ, ಮಕ್ಕಾದತ್ತ ಮುಖಮಾಡಿ ಮಲಗಿಸಲಾಗಿತ್ತು. ತಂದೆಯ ಕಡೆಯಿಂದ ಮೂವರೂ ಉತ್ತರ ಆಫ್ರಿಕದವರೆಂದು ವಂಶವಾಹಿ ಪರೀಕ್ಷೆ ಹೇಳಿತು. ಅವರನ್ನು ದಫನ ಮಾಡಿದ್ದು ಊರಿನವರ ಗೋರಿಗಳಿಂದ ದೂರದಲ್ಲೇನಲ್ಲ.

ತಮ್ಮನಿಗೆ ಎಲ್ಲಿಲ್ಲದ ಹುರುಪು. "ಬೇಟಿ, ಇನ್ನು ಮೇಲೆ ಯಾರಾದರೂ ಕೇಳಿದರೆ ಸಾವಿರದ ಇನ್ನೂರು ವರ್ಷದಿಂದ ಇಲ್ಲಿದ್ದೇವೆ ಅಂತ ಹೇಳು" ಎಂದ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಬ್ಬಾ, ಈ ಮೂವರು ಸಿಗದೇ ಇದ್ದಿದ್ದರೆ ನಾನು ಇಲ್ಲಿಯವಳು ಆಗ್ತಿರಲಿಲ್ಲವಾ?"

ಕಾರಿನಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ನಮ್ಮ ನಾಡಿನ ಸಭೆಗಳಲ್ಲೂ ಇದೇ ನಡೆಯುತ್ತದೆ. ಎಲ್ಲಿಯವರು ಎಂದು ಯಾರೋ ಕೇಳುತ್ತಾರೆ. ಕೂಡಲೇ ನಾವು ಟಿಪ್ಪು ಸುಲ್ತಾನ, ಶಿಶುನಾಳ ಶರೀಫ, ನಿಸಾರ್ ಅಹಮದ್ ಎಂದು ಪಟ್ಟಿ ಬಿಚ್ಚುತ್ತೇವೆ. ಅವರೆಲ್ಲ ನಮಗೆ ಪ್ರೀತಿಯವರೇ. ಆದರೆ ಪಟ್ಟಿ ಎಷ್ಟು ಉದ್ದವಾದರೂ ಕೇಳುವವನಿಗೆ ಸಾಲುವುದಿಲ್ಲ. 'ಅದಕ್ಕೂ ಮುಂಚೆ' ಎಂಬುದು ಅವನ ಬಳಿ ಯಾವಾಗಲೂ ಇರುತ್ತದೆ.

ಲೆ ಪ್ಯೂಯಿಯ ಬಾಗಿಲು ಯಾರ ಹಕ್ಕಿನ ದಸ್ತಾವೇಜೂ ಅಲ್ಲ. ಮನುಷ್ಯರು ಹಗೆಯ ನಡುವೆಯೂ ಒಬ್ಬರ ಚೆಂದವನ್ನು ಇನ್ನೊಬ್ಬರು ಮೆಚ್ಚಿದ್ದರು ಎಂದಷ್ಟೇ ಅದು ಹೇಳುತ್ತದೆ. ಅಷ್ಟಕ್ಕಾಗಿಯೇ ಅದನ್ನು ಹೋಗಿ ನೋಡಬೇಕು. ಲಿಯೋನಿನ ಆ ಹುಡುಗಿ ಲಿಯೋನಿನವಳು ಎನ್ನುವುದಕ್ಕೆ ಅವಳು ಅಲ್ಲಿ ಹುಟ್ಟಿ, ಅಲ್ಲಿ ಓದಿ, ಅಲ್ಲಿಯ ಭಾಷೆಯಲ್ಲಿ ಕನಸು ಕಾಣುತ್ತಿರುವುದೇ ಸಾಕು. ಗೋರಿಯಲ್ಲಿರುವವರನ್ನು ಸಾಕ್ಷಿಗೆ ಎಬ್ಬಿಸುವುದು ಬೇಡ.