ನಾಲ್ಕು ತಂತಿ, ಒಂದು ಬೆರಳು

ಆರು ವರ್ಷದ ಮಗುವಿಗೆ ವೀಣೆ ದೊಡ್ಡದಾಯಿತು. ಚಿಕ್ಕಂದಿನಿಂದ ವೀಣೆ ನುಡಿಸಿದವಳಾಗಿ, ಅದರ ಮೇಲಿನ ಪ್ರೀತಿಯಿಂದಲೇ ಈ ಮಾತು ಹೇಳುತ್ತಿದ್ದೇನೆ. ಸೋರೆಬುರುಡೆಯನ್ನು ಎಡತೊಡೆಗೆ ಆನಿಸಿಕೊಂಡರೆ ಮಗುವಿನ ಬಲಗೈ ಕೊಡದತ್ತ ಎಟಕುವುದೇ ಕಷ್ಟ. ಲೋಹದ ತಂತಿ ಎಳೆಯ ಬೆರಳನ್ನು ಕೊರೆಯುತ್ತದೆ. ಹಾಗಾಗಿ ಮೊಮ್ಮಗಳಿಗೆ ಯುಕುಲೇಲೆ ಕೊಡಿಸೋಣವೆಂದು ಮಗಳು ಕೇಳಿದಾಗ ಸಂತೋಷದಿಂದಲೇ ಹೂಂ ಅಂದೆ. ಸೊಪ್ರಾನೊ ಅನ್ನುವ ಚಿಕ್ಕ ಅಳತೆಯದು, ಉದ್ದ ಸುಮಾರು 21 ಇಂಚು. ನಾಲ್ಕೇ ತಂತಿ, ಅದೂ ನೈಲಾನಿನವು. ಮಗು ಅದನ್ನು ಎದೆಗವಚಿಕೊಂಡು ಮನೆಯೆಲ್ಲ ಓಡಾಡಬಹುದು.

ಕಲಿಸುವುದಕ್ಕೆ ಕೂತಾಗ ನನ್ನದು ಒಂದೇ ಹಟ. ಮೊದಲು ಹಾಡು, ಆಮೇಲೆ ಬೆರಳು. ಎಷ್ಟೋ ಕಡೆ ಮೊದಲ ದಿನವೇ ಮಗುವಿನ ಎಡಗೈ ಹಿಡಿದು ಮೆಟ್ಟುಗಳ ಮೇಲೆ ಒತ್ತಿಸುತ್ತಾರೆ. ಬೆರಳು ನೋಯುತ್ತದೆ, ಸದ್ದು ಹೊರಡುವುದಿಲ್ಲ, ಮಗು ವಾದ್ಯವನ್ನು ಮೂಲೆಗಿಡುತ್ತದೆ. ನಾವು ಎಡಗೈಗೆ ಕೆಲಸವನ್ನೇ ಕೊಡಲಿಲ್ಲ. ಬಲಗೈಯ ತೋರುಬೆರಳಿನಿಂದ ಬಿಟ್ಟ ತಂತಿಗಳನ್ನು ಮೇಲಿಂದ ಕೆಳಗೆ ಸವರುತ್ತ ಆದಿತಾಳದ ಎಂಟು ಅಕ್ಷರ ಎಣಿಸುವುದು, ಅಷ್ಟೇ. ತಾಳ ಕೈಗೆ ಕೂತಮೇಲೆ ರಾಜರತ್ನಂ ಅವರ ನಾಯಿಮರಿಯ ಪದ್ಯ ಹೇಳುತ್ತ ಸವರುವುದು.

ಶ್ರುತಿ ಮಾತ್ರ ದೊಡ್ಡವರ ಹೊಣೆ. ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಬೆಳಗ್ಗೆ ಬಿರಡೆ ತಿರುಗಿಸಿ ಕೂಡಿಸಿದ ಶ್ರುತಿ ಸಂಜೆಗೆ ಇಳಿದಿರುತ್ತದೆ. ಇದು ಗೊತ್ತಿಲ್ಲದ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ. "ಅಜ್ಜಿ, ನಾನು ಸರಿಯಾಗಿ ಮೀಟ್ಲಿಲ್ವಾ?" ಅಂತ ಇವಳೂ ಕೇಳಿದ್ದಳು. ಮಗು ಕೈಗೆತ್ತಿಕೊಳ್ಳುವ ಮುಂಚೆಯೇ, ಪ್ರತಿಸಲವೂ, ಶ್ರುತಿ ಮಾಡಿಟ್ಟಿರಬೇಕು. ಈ ವಯಸ್ಸಿನಲ್ಲಿ ಕಿವಿಗೆ ಬಿದ್ದದ್ದು ಕಿವಿಯಲ್ಲೇ ಉಳಿಯುತ್ತದೆ. ಮಿಕ್ಕ ಯಾವ ವಿಷಯದಲ್ಲಿ ಸಡಿಲ ಬಿಟ್ಟರೂ ಇದರಲ್ಲಿ ನಾನು ಬಿಡುವುದಿಲ್ಲ.

ತಂತಿಗಳ ಹೆಸರು ಜಿ, ಸಿ, ಇ, ಎ. ಸಿ ತಂತಿಯನ್ನು ಷಡ್ಜವೆಂದು ಹಿಡಿದರೆ ಪ, ಸ, ಗ, ದ. ಒಂದು ದಿನ ಮೊಮ್ಮಗಳು ಗಲ್ಲದ ಹತ್ತಿರದ ತಂತಿಯನ್ನು ಮತ್ತೆ ಮತ್ತೆ ಮೀಟಿ, "ಅಜ್ಜಿ, ಇದು ಮೊದಲ್ನೇದು. ಆದ್ರೆ ಎರಡನೇದಕ್ಕಿಂತ ಮೇಲಿನ ಸ್ವರ ಹೇಳುತ್ತಲ್ಲ!" ಅಂದಳು. ಯಾರೂ ಹೇಳಿಕೊಡದೆ ಈ ವಾದ್ಯದ ವಿಶೇಷವನ್ನೇ ಹಿಡಿದುಬಿಟ್ಟಿದ್ದಳು. ಗಿಟಾರಿನಲ್ಲಿ ಸ್ವರ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಏರುತ್ತದೆ. ಇಲ್ಲಿ ಮೊದಲು ಪಂಚಮ, ಆಮೇಲೆ ಷಡ್ಜಕ್ಕೆ ಇಳಿತ. ಈ ವಾದ್ಯ ಹುಟ್ಟಿದ ಕಥೆಯೂ ಸ್ವಾರಸ್ಯದ್ದೇ. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದಿಂದ ಹವಾಯಿಗೆ ದುಡಿಯಲು ಬಂದವರು ತಮ್ಮ ಪುಟ್ಟ ತಂತಿವಾದ್ಯಗಳ ಸಂಪ್ರದಾಯವನ್ನೂ ತಂದರು. ಅವರಲ್ಲಿದ್ದ ಮರಗೆಲಸದವರು ಹೊನೊಲುಲುವಿನಲ್ಲಿ ಕೂತು ಮಾಡಿದ ವಾದ್ಯಗಳಿಂದ ಯುಕುಲೇಲೆ ರೂಪುಗೊಂಡಿತು. ಅದೇ ಊರಿನ ಜೇಕ್ ಶಿಮಬುಕುರೊ ಇಂದು ಜಗತ್ತು ಕೇಳುವ ಯುಕುಲೇಲೆ ವಾದಕ. ನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಮೊದಲ ಪಾಠ ಹೇಳಿದವಳು ಅವನ ತಾಯಿ. ಮನೆಪಾಠಕ್ಕೆ ಇದು ಹೇಳಿ ಮಾಡಿಸಿದ ವಾದ್ಯ ಅನ್ನಿಸುವುದು ಇದಕ್ಕೇ.

ಎಡಗೈಗೆ ಮೊದಲ ಕೆಲಸ ಸಿ ಕಾರ್ಡ್. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಕೊನೆಯ ತಂತಿಯ ಮೂರನೇ ಮೆಟ್ಟಿನಲ್ಲಿ ಉಂಗುರದ ಬೆರಳು ಇಟ್ಟರೆ ಮುಗಿಯಿತು: ಪ, ಸ, ಗ, ಮೇಲಿನ ಸ. ಸರಿಯಾಗಿ ಲೋಹದ ಪಟ್ಟಿಯ ಮೇಲೆಯೇ ಒತ್ತಿದರೆ ಸದ್ದು ಮಂಕಾಗುತ್ತದೆ, ತೀರ ಹಿಂದೆ ಒತ್ತಿದರೆ ಗರಗರ ಅನ್ನುತ್ತದೆ. ಪಟ್ಟಿಗೆ ಸ್ವಲ್ಪವೇ ಹಿಂದೆ ಬೆರಳ ತುದಿ ಕೂರಬೇಕು. ಉಗುರು ಕತ್ತರಿಸಿರಬೇಕು. ಆಮೇಲೆ ಎ ಮೈನರ್, ಅದಕ್ಕೂ ಒಂದೇ ಬೆರಳು, ಮೊದಲ ತಂತಿಯ ಎರಡನೇ ಮೆಟ್ಟು. ಆ ಬೆರಳು ಅಲ್ಲೇ ಇರುವಾಗ ಮೂರನೇ ತಂತಿಯ ಮೊದಲ ಮೆಟ್ಟಿಗೆ ತೋರುಬೆರಳು ಸೇರಿಸಿದರೆ ಎಫ್. ಮೂರು ಬೆರಳು ಬೇಡುವ ಜಿ ಸೆವೆನ್‌ಗೆ ಅವಸರವಿಲ್ಲ. ಎಳೆ ಚರ್ಮ ಕೆಂಪಾಗುವ ಮುಂಚೆ, ಇನ್ನೂ ನುಡಿಸುವ ಆಸೆ ಇರುವಾಗಲೇ, ಪಾಠ ನಿಲ್ಲಿಸುತ್ತೇನೆ.

ವೀಣೆಯ ಹಾಗೆ ತಂತಿ ಎಳೆದು ಗಮಕ ತೆಗೆಯುವುದಕ್ಕೆ ಇದರಲ್ಲಿ ಹೆಚ್ಚು ಅವಕಾಶವಿಲ್ಲ. ಗಮಕವನ್ನು ಗಂಟಲೇ ಕಲಿಯಲಿ. ಮಾಯಾಮಾಳವಗೌಳದ ಸರಳೆಗೂ ಇದು ಸಲೀಸಲ್ಲ. ಕೊನೆಯ ಬಿಟ್ಟ ತಂತಿ ಚತುಶ್ರುತಿ ಧೈವತ, ಆ ರಾಗಕ್ಕೆ ಬೇಕಾದದ್ದು ಶುದ್ಧ ಧೈವತ. ಆದರೆ ಮೋಹನಕ್ಕೆ ಈ ನಾಲ್ಕು ತಂತಿಗಳು ತಾವಾಗಿಯೇ ಒಲಿದಿವೆ. ಐದು ಸ್ವರಗಳಲ್ಲಿ ರಿಷಭವೊಂದನ್ನು ಬಿಟ್ಟು ಉಳಿದೆಲ್ಲ ಬಿಟ್ಟ ತಂತಿಯಲ್ಲೇ ಸಿಗುತ್ತವೆ.

ಈಗ ಮೋಹನದ 'ವರವೀಣಾ' ಗೀತೆಯನ್ನು ಬಾಯಲ್ಲಿ ಹೇಳಿಕೊಡುತ್ತಿದ್ದೇನೆ. ಅದರ ಆರಂಭದಲ್ಲಿ ಬರುವ ಗಾಂಧಾರ, ಪಂಚಮ, ಧೈವತಗಳಿಗೆ ಎಡಗೈಯೇ ಬೇಡ. ಮೇಲಿನ ಷಡ್ಜಕ್ಕೆ ಒಂದು ಬೆರಳು ಸಾಕು, ಅದೂ ಸಿ ಕಾರ್ಡಿನಲ್ಲಿ ಅವಳಿಗೆ ರೂಢಿಯಾದ ಅದೇ ಮೂರನೇ ಮೆಟ್ಟು. ಹಾಡಿ ಮುಗಿಸಿದವಳೇ ವಾದ್ಯದ ಮೇಲೆ ಸ್ವರ ಹುಡುಕತೊಡಗುತ್ತಾಳೆ. ತಾರಸ್ಥಾಯಿಯ ರಿಷಭ ಎಲ್ಲಿದೆ ಎಂದು ಕೇಳಿದರೆ, ಅದೇ ತಂತಿಯ ಮೇಲೆ ಇನ್ನೂ ಸ್ವಲ್ಪ ಆಚೆ ಇದೆ, ಹಾಡುತ್ತ ಹುಡುಕು ಅನ್ನುತ್ತೇನೆ.