ಮೆಸ್‌ಗೆ ಬರ್ತೀಯೇನೋ?

ಹಾಸ್ಟೆಲ್‌ನಲ್ಲಿ "ಆರಾಮಾ?" ಅಂತ ಕೇಳಿದ್ರೆ "ಹ್ಞೂಂ, ಆರಾಮ್" ಅನ್ನೋದು ಬಿಟ್ಟು ಬೇರೆ ಉತ್ತರ ನಮಗ್ಯಾರಿಗೂ ಗೊತ್ತಿಲ್ಲ. ಇಂಟರ್ನಲ್ಸ್‌ನಲ್ಲಿ ಆರು ಮಾರ್ಕ್ಸ್ ತಗೊಂಡವನೂ ಆರಾಮ್, ಮೂರು ರಾತ್ರಿ ನಿದ್ದೆ ಬರದೆ ಹೊರಳಾಡಿದವನೂ ಆರಾಮ್. ಹಾಗಾಗಿ ಒಬ್ಬ ನಿಜಕ್ಕೂ ಆರಾಮಾಗಿಲ್ಲ ಅನ್ನೋದು ಅವನ ಮಾತಿನಿಂದ ತಿಳಿಯುವುದು ಕಡಿಮೆ. ಮೆಸ್‌ನಲ್ಲಿ ಅವನು ಕೂರುವ ಜಾಗ ಖಾಲಿ ಇರೋದ್ರಿಂದ ತಿಳಿಯುತ್ತೆ.

ಫಸ್ಟ್ ಇಯರ್‌ಗೆ ಬರುವಾಗ ನಮ್ಮಲ್ಲಿ ಹೆಚ್ಚಿನವರಿಗೆ ಹದಿನೇಳೋ ಹದಿನೆಂಟೋ. ಇಂಜಿನಿಯರ್ ಅನ್ನೋ ಹೆಸರು ಆಗಲೇ ಅಂಟಿಕೊಂಡಿದ್ದರೂ ಲೆಕ್ಕದಲ್ಲಿ ಇನ್ನೂ ಹದಿಹರೆಯದವರೇ. ಮನೆ ಊಟ, ಪಿಯುಸಿ ಗೆಳೆಯರು, ಬೈಯೋಕೆ ಅಪ್ಪ, ಸಮಾಧಾನ ಮಾಡೋಕೆ ಅಮ್ಮ, ಇವೆಲ್ಲ ಒಂದೇ ವಾರದಲ್ಲಿ ಫೋನಿನೊಳಗೆ ಸೇರಿಬಿಡುತ್ತವೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅರವತ್ತು ಜನರ ಕ್ಲಾಸಿಗೆ ಲೆಕ್ಕ ಹಾಕಿದರೆ ನಾಲ್ಕು ಜನ. ಅಂದ್ರೆ ಇದು ಎಲ್ಲೋ ಯಾರಿಗೋ ಆಗುವ ವಿಷಯವಲ್ಲ.

ನಮ್ಮ ರೂಮಿನಲ್ಲಿ ನಾವು ನಾಲ್ವರು. ನಾಲ್ಕನೆಯವನು ಕೊಪ್ಪಳದ ಕಡೆಯವನು, ಮೊದಲೆರಡು ತಿಂಗಳು ಇಡೀ ಫ್ಲೋರನ್ನು ನಗಿಸಿದವನು. ಸೆಕೆಂಡ್ ಸೆಮ್‌ನಲ್ಲಿ ಅವನು ಮೊದಲು ಬೆಳಗಿನ ಕ್ಲಾಸ್ ಬಿಟ್ಟ, ಆಮೇಲೆ ತಿಂಡಿ, ಆಮೇಲೆ ಸ್ನಾನ. ಕೇಳಿದ್ರೆ, "ಏನೂ ಇಲ್ಲಲೇ, ಆರಾಮ ಅದೀನಿ, ನೀವು ಹೋಗ್ರಿ" ಅಂತಿದ್ದ. ಎರಡನೇ ಸಲ ಕೇಳಿದ್ರೆ ಸಿಡುಕುತ್ತಿದ್ದ. ಫ್ಲೋರ್‌ನಲ್ಲಿ ಕೆಲವರು "ಅವನಿಗೆ ಆಟಿಟ್ಯೂಡ್ ಮಗಾ, ಬಿಟ್ಹಾಕು" ಅಂದ್ರು.

ಅದು ಆಟಿಟ್ಯೂಡ್ ಆಗಿರಲಿಲ್ಲ. ಖಿನ್ನತೆ ಅಂದ್ರೆ ಮೂಲೆಯಲ್ಲಿ ಕೂತು ಅಳೋದು ಅಂತ ಸಿನಿಮಾ ನಮಗೆ ಕಲಿಸಿದೆ. ಹದಿಹರೆಯದವರಲ್ಲಿ ಅದು ದುಃಖದ ಬದಲು ಸಿಡುಕಾಗಿಯೂ ಕಾಣಿಸಬಹುದು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಏರುಪೇರಾಗುವುದು, ತಾನು ಯಾತಕ್ಕೂ ಬಾರದವನು ಅನ್ನಿಸುವುದು, ಇಂಥವು ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಇದ್ದರೆ ವೈದ್ಯರು ಅದನ್ನು ಬರೀ ಬೇಜಾರು ಅಂತ ಬಿಡುವುದಿಲ್ಲ.

ಇದಕ್ಕೂ ಸುತ್ತಲಿನ ಜನರಿಗೂ ಏನು ಸಂಬಂಧ? ಮನಶ್ಶಾಸ್ತ್ರಜ್ಞರಾದ ಶೆಲ್ಡನ್ ಕೊಹೆನ್ ಮತ್ತು ಥಾಮಸ್ ವಿಲ್ಸ್ 1985ರಲ್ಲಿ ಬರೆದ ಲೇಖನವೊಂದು ಇದಕ್ಕೆ ಹೆಸರುವಾಸಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಜನರ ಆಸರೆ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ರಸ್ತೆಯ ಗುಂಡಿಯನ್ನು ಅದು ಮುಚ್ಚಲ್ಲ, ಗುಂಡಿಯ ಹೊಡೆತ ಪೂರ್ತಿ ಬೆನ್ನಿಗೆ ಬೀಳದಂತೆ ನೋಡಿಕೊಳ್ಳುತ್ತೆ. ಬ್ಯಾಕ್‌ಲಾಗ್ ಬ್ಯಾಕ್‌ಲಾಗೇ, ಮನೆಯ ಸಾಲ ಸಾಲವೇ. ಆದರೆ "ಬೇಕಾದಾಗ ನನಗೆ ಜನ ಇದ್ದಾರೆ" ಅನ್ನುವ ನಂಬಿಕೆ ಇದ್ದವನಿಗೆ ಅದೇ ಹೊಡೆತ ಅಷ್ಟು ಜೋರಾಗಿ ತಾಗುವುದಿಲ್ಲ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಧ್ಯಯನ. ಅಮೆರಿಕದಲ್ಲಿ ಎರಿಕ್ ಸ್ಟೈಸ್ ಮತ್ತು ಸಂಗಡಿಗರು 496 ಹದಿಹರೆಯದ ಹುಡುಗಿಯರನ್ನು ಗಮನಿಸುತ್ತಾ ಹೋಗಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪ್ಪ ಅಮ್ಮನ ಬೆಂಬಲ ಕಡಿಮೆ ಇದ್ದವರಲ್ಲಿ ಮುಂದೆ ಖಿನ್ನತೆ ಹೆಚ್ಚಾಯಿತು. ಗೆಳೆಯರ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಗೆಳೆಯರ ಬೆಂಬಲ ಕಡಿಮೆ ಇದ್ದದ್ದರಿಂದ ಖಿನ್ನತೆ ಹೆಚ್ಚಾದದ್ದು ಕಾಣಲಿಲ್ಲ, ಆದರೆ ಖಿನ್ನತೆ ಇದ್ದವರಿಗೆ ಮುಂದೆ ಗೆಳೆಯರ ಬೆಂಬಲ ಕಡಿಮೆಯಾಗುತ್ತಾ ಹೋಯಿತು. ಹೆತ್ತವರ ಬೆಂಬಲ ಹಾಗೆ ಕಡಿಮೆಯಾಗಲಿಲ್ಲ.

ಅಂದ್ರೆ, ಕಷ್ಟ ಬಂದಾಗ ಮನೆಯವರು ಉಳಿಯುತ್ತಾರೆ, ಗೆಳೆಯರು ಸರಿಯುತ್ತಾರೆ. ಗೆಳೆಯರು ಕೆಟ್ಟವರು ಅಂತಲ್ಲ. ಕರೆದಾಗ ಬರದವನನ್ನು ಮೂರು ಸಲ ಕರೆದು ನಾಲ್ಕನೇ ಸಲ ಬಿಟ್ಟುಬಿಡುವುದು ಎಲ್ಲರ ಸ್ವಭಾವ. ಅಮ್ಮ ಹಾಗಲ್ಲ, ಬೈದರೂ ಊಟಕ್ಕೆ ಕರೆಯುತ್ತಾಳೆ. ಆದರೆ ಹಾಸ್ಟೆಲ್‌ನಲ್ಲಿ ಅಮ್ಮ ನಾನೂರು ಕಿಲೋಮೀಟರ್ ದೂರ. ಇಲ್ಲಿ ಬಾಗಿಲು ತಟ್ಟಬಲ್ಲವರು, ಅಂದ್ರೆ ಮೊದಲು ಸರಿದುಹೋಗುವ ಸಾಧ್ಯತೆ ಇರುವವರು, ನಾವೇ.

ನಾವು ಮೂವರೂ ಮಾಡಿದ್ದು ದೊಡ್ಡದೇನಲ್ಲ. ಪಾಳಿ ಹಾಕ್ಕೊಂಡು ದಿನಾ ಅವನನ್ನು ಮೆಸ್‌ಗೆ ಕರೆದ್ವಿ. ಬರದಿದ್ರೆ ತಟ್ಟೆ ರೂಮಿಗೆ ತಂದ್ವಿ. ಯಾಕೆ ಅಂತ ವಿಚಾರಣೆ ಮಾಡಲಿಲ್ಲ. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಟೆರೇಸ್‌ನಲ್ಲಿ ಅವನಾಗೇ ಬಾಯಿ ಬಿಟ್ಟ. ಮರುದಿನ ಇಬ್ಬರು ಅವನ ಜೊತೆ ಕೌನ್ಸೆಲರ್ ಹತ್ರ ಹೋದ್ವಿ, ಅಲ್ಲಿಂದ ಮನೋವೈದ್ಯರ ಹತ್ರ. ಆರು ತಿಂಗಳಿಗೂ ಮೀರಿ ಮಾತ್ರೆ ನಡೀತು, ಎರಡು ಸಬ್ಜೆಕ್ಟ್ ಹೋದ್ವು. ಈಗ ನಮ್ಮ ಜೊತೆಗೇ ಥರ್ಡ್ ಇಯರ್. ಅವನಿಗೆ ಓದಿ ಹೇಳಿ, ಅವನು ಹ್ಞೂಂ ಅಂದ ಮೇಲೆಯೇ ಇದನ್ನು ಕಳಿಸಿದ್ದು. ಓದಿದಾಗ ಅವನು ಅಂದದ್ದು ಇಷ್ಟೇ: "ನೀವು ಏನು ಹೇಳಿದ್ರಿ ಒಂದೂ ನೆನಪಿಲ್ಲಲೇ. ದಿನಾ ಬಾಗಿಲು ಬಡೀತಿದ್ರಿ, ಅದೊಂದು ನೆನಪೈತಿ."

ಗೆಳೆತನಕ್ಕೂ ಮಿತಿ ಇದೆ. ರಾತ್ರಿಯಿಡೀ ಅದೇ ನೋವನ್ನು ಇಬ್ಬರೂ ಕೂತು ತಿರುಗಿಸಿ ಮುರುಗಿಸಿ ಮಾತಾಡೋದರ ಬಗ್ಗೆ ಅಮಾಂಡಾ ರೋಸ್ 2002ರಲ್ಲಿ ಬರೆದಿದ್ದಾರೆ: ಅಂಥವರ ಸ್ನೇಹ ಗಟ್ಟಿ, ಜೊತೆಗೆ ಆತಂಕ, ಖಿನ್ನತೆಯ ಲಕ್ಷಣಗಳೂ ಹೆಚ್ಚು. ಆದ್ದರಿಂದ ಕೇಳಿಸಿಕೊಳ್ಳಿ, ಆಮೇಲೆ ಎಬ್ಬಿಸಿಕೊಂಡು ಟೀ ಅಂಗಡಿವರೆಗೆ ನಡೀರಿ. "ಧೈರ್ಯ ತಗೋ, ಪಾಸಿಟಿವ್ ಆಗಿರು" ಅನ್ನೋ ಭಾಷಣ ಬೇಡ. ಲ್ಯಾಬ್ ರೆಕಾರ್ಡ್ ಬರೆಯೋಕೆ ಜೊತೆಗೆ ಕೂತರೆ ಅದೂ ಬೆಂಬಲವೇ.

ಸಾಯುವ ಮಾತು ಬಂದರೆ ಅಥವಾ ಅನುಮಾನ ಬಂದರೆ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅನ್ನೋದು ತಪ್ಪು ನಂಬಿಕೆ. ಅವರನ್ನು ಒಂಟಿಯಾಗಿ ಬಿಡಬೇಡಿ, ಗುಟ್ಟು ಕಾಪಾಡುವ ಮಾತು ಕೊಡಬೇಡಿ, ವಾರ್ಡನ್‌ಗೋ ಮನೆಯವರಿಗೋ ತಿಳಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ಗೆಳೆಯನ ಪರವಾಗಿ ನೀವೂ ಮಾಡಬಹುದು. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ.

ಆಮೇಲೆ ನಿಮ್ಮ ಫ್ಲೋರ್‌ನ ರೂಮುಗಳನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ. ನೀವು ಮೂರು ಸಲ ಕರೆದು ಬಿಟ್ಟವರು ಯಾರಾದರೂ ನೆನಪಾದರೆ, ನಾಲ್ಕನೇ ಸಲ ಕರೀರಿ.