ಕಂಬಳವೂ ತ್ರೈರಾಶಿಕವೂ

2020ನೆಯ ಫೆಬ್ರವರಿಯಲ್ಲಿ ಐಕಳದ ಕಂಬಳದೊಳಗೆ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರುಗಳ ಕೆಸರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಜನರು ಕೂಡಲೆ ತ್ರೈರಾಶಿಕವನ್ನು ಹೂಡಿ, ನೂರು ಮೀಟರಿಗೆ 9.55 ಎಂದೆಣಿಸಿ, ಉಸೇನ್ ಬೋಲ್ಟರು 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ 9.58ರ ದಾಖಲೆಯು ಮುರಿಯಿತೆಂದು ಹಿಗ್ಗಿದರು.

ಆದರೆ ಅದೇ 2009ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೋಲ್ಟರು 150 ಮೀಟರುಗಳನ್ನು 14.35 ಸೆಕೆಂಡುಗಳಲ್ಲಿ ಓಡಿದ್ದರು. ಆ ಓಟಕ್ಕೂ ಇದೇ ಲೆಕ್ಕವನ್ನು ಹಾಕಿದರೆ ಬರುವುದು 9.57, ಅವರ ದಾಖಲೆಗಿಂತಲೂ ಕಡಮೆ! ಕಾರಣವು ಸುಲಭವಾದುದು. ಪಡೀಲಿನ ಮಂಗಳೂರು ಜಂಕ್ಷನ್ನಿನಿಂದ ಹೊರಡುವ ರೈಲು ಮೊದಲು ತೆವಳಿ, ಅನಂತರವಷ್ಟೇ ವೇಗವನ್ನು ಪಡೆಯುವುದು. ಓಟಗಾರನೂ ಹಾಗೆಯೇ. ದೂರವು ಕೊಂಚ ಹೆಚ್ಚಿದರೆ ಆರಂಭದ ವಿಳಂಬವು ಹೆಚ್ಚು ಮೀಟರುಗಳಿಗೆ ಹಂಚಿಹೋಗಿ, ಸರಾಸರಿಯು ಉತ್ತಮವಾಗಿ ತೋರುವುದು.

ತ್ರೈರಾಶಿಕದಲ್ಲಿ ಪ್ರಮಾಣವೂ ಇಚ್ಛೆಯೂ ಸಮಾನಜಾತಿಯವಾಗಿರಬೇಕೆಂಬುದು ನಿಯಮ. ಕೋಣಗಳ ಸೆಳೆತವುಳ್ಳ ಕೆಸರಿನ ಓಟವೂ ಏಕಾಂಗಿಯ ಓಟವೂ ಸಮಾನಜಾತಿಯವಲ್ಲ. ಇದನ್ನು ಮೊದಲರಿತವರು ಗೌಡರೇ. ಶ್ರೇಯಸ್ಸು ಕೋಣಗಳಿಗೂ ಸಲ್ಲಬೇಕೆಂದರು. ಓಟದ ಪರೀಕ್ಷೆಗೆ ಬಂದ ಆಹ್ವಾನವನ್ನು ಒಲ್ಲೆನೆಂದರು. ಒಂದೇ ಕರೆಯಲ್ಲಿ ಓಡಿದ ಜೋಡಿಗಳನ್ನು ಪರಸ್ಪರ ತೂಗುವುದೇ ನ್ಯಾಯ. ಪರರ ದಾಖಲೆಯ ಹಂಗಿಲ್ಲದೆಯೂ ಐಕಳದ ಆ ಓಟವು ಶ್ಲಾಘ್ಯವೇ ಸರಿ.